ಸಿಸಿಲಿಗೆ ಸೊಸೆಯಾದ ಮಂಗಳೂರಿನ ಹುಡುಗಿ

ಸಿಸಿಲಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ‘ಗಾಡ್‌ಫಾದರ್’ ಸಿನಿಮಾ. ಇನ್ನು ಕೆಲವರಿಗೆ ಎಟ್ನಾ ಜ್ವಾಲಾಮುಖಿ. ಆದರೆ ಇಟಲಿಯ ಆ ದ್ವೀಪಕ್ಕೂ ನಮ್ಮ ಮಂಗಳೂರಿಗೂ ಸುಮಾರು 870 ವರ್ಷ ಹಳೆಯ ನಂಟು ಉಂಟು. ರಾಜರು ಮಾಡಿಕೊಂಡ ಒಪ್ಪಂದ ಅಲ್ಲ ಮಾರಾಯ್ರೆ, ಮದುವೆ ಸಂಬಂಧ!

ನಾನಿರುವುದು ಕುದ್ರೋಳಿಯಲ್ಲಿ. ಗೋಕರ್ಣನಾಥ ದೇವಸ್ಥಾನದ ಕಡೆಯಿಂದ ಅರ್ಧ ಗಂಟೆ ನಡೆದರೆ ಹಳೆ ಬಂದರು. ಅಡಿಕೆ ಮಂಡಿ, ಮಸಾಲೆ ಅಂಗಡಿ, ಮೀನಿನ ದಕ್ಕೆ ಎಲ್ಲ ಅಲ್ಲೇ. ಊರಲ್ಲಿ ನಮ್ಮ ತೋಟದ ಅಡಿಕೆಯೂ ಕೊನೆಗೆ ಬಂದು ಸೇರುತ್ತಿದ್ದದ್ದು ಇಲ್ಲಿಗೇ. ಹಾಗಾಗಿ 12ನೇ ಶತಮಾನದ ಒಬ್ಬ ವ್ಯಾಪಾರಿ ಈ ಕರಾವಳಿಯಿಂದ ಏಡನ್‌ಗೆ ಅಡಿಕೆ, ಕಾಳುಮೆಣಸು, ಕಬ್ಬಿಣ ಕಳಿಸುತ್ತಿದ್ದ ಅಂತ ಓದಿದಾಗ ಕಿವಿ ನೆಟ್ಟಗಾಯಿತು.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಯಹೂದಿ. ಹುಟ್ಟೂರು ಇಂದಿನ ಟುನೀಶಿಯಾದ ಕರಾವಳಿಯ ಮಹ್ದಿಯಾ. ಏಡನ್ ಮಾರ್ಗವಾಗಿ ಇಲ್ಲಿಗೆ ಬಂದು ಹತ್ತಿರ ಹತ್ತಿರ 17 ವರ್ಷ ಈ ಕರಾವಳಿಯಲ್ಲಿ ಬಾಳಿದ. ಆಗ ತುಳುನಾಡು ಆಳುಪರ ಕೈಯಲ್ಲಿತ್ತು. ಇಲ್ಲಿ ಅವನಿಗೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ ವ್ಯಾಪಾರಿಗಳು ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಅಲ್ಲಿಂದ ಅವನಿಗೆ ಬರುತ್ತಿದ್ದ ಸಾಮಾನಿನಲ್ಲಿ ಕಾಗದ, ಸಕ್ಕರೆ, ಒಣದ್ರಾಕ್ಷಿ ಇರುತ್ತಿತ್ತು. ನಮ್ಮವರು ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲ, ಅವನಿಗೆ ಕಾಗದ ಬೇಕೇ ಬೇಕು.

ಇದೆಲ್ಲ ಗೊತ್ತಾದದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಿಂದ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಎಂಬ ನಂಬಿಕೆಯಿಂದ ಅಲ್ಲಿನ ಯಹೂದಿಗಳು ಹಳೆಯ ಕಾಗದವನ್ನೆಲ್ಲ ಶತಮಾನಗಟ್ಟಲೆ ಆ ಕೋಣೆಗೆ ಹಾಕುತ್ತಾ ಬಂದರು. 19ನೇ ಶತಮಾನದ ಕೊನೆಗೆ ಆ ರಾಶಿ ವಿದ್ವಾಂಸರ ಕೈಸೇರಿತು. ಎಸ್.ಡಿ. ಗೊಯಿಟೈನ್ ಅದರಿಂದ ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ತೆಗೆದರು. ಅಮಿತಾವ್ ಘೋಷ್ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ (1992) ಬರೆಯುವಾಗ ಬೆನ್ ಯಿಜುವಿನ ಆಳಿನ ಹೆಸರು ಏನಿರಬಹುದು ಎಂದು ಹುಡುಕುತ್ತಾ ಮಂಗಳೂರಿಗೇ ಬಂದರು. ಅದು ನಮ್ಮ ‘ಬೊಮ್ಮ’ ಎಂಬಲ್ಲಿಗೆ ತಲುಪಲು ಅವರಿಗೆ ನೆರವಾದವರು ಪ್ರೊ. ಬಿ.ಎ. ವಿವೇಕ ರೈ.

ಅದೇ ರಾಶಿಯಲ್ಲಿ ಇನ್ನೊಂದು ಕಾಗದ ಉಂಟು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದದ್ದು. ಆಶು ಎಂಬ ಗುಲಾಮ ಹೆಣ್ಣನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಇದನ್ನು ಬರೀ ‘ಲವ್ ಸ್ಟೋರಿ’ ಮಾಡಿಬಿಡುವ ಆಸೆ ನನಗೂ ಆಗುತ್ತದೆ. ಆದರೆ ಒಬ್ಬಳನ್ನು ಬಿಡುಗಡೆ ಮಾಡಬೇಕಾದರೆ ಅದಕ್ಕೆ ಮೊದಲು ಅವಳು ಯಾರದೋ ಸೊತ್ತಾಗಿದ್ದಳು ಅಂತಲೇ ಅರ್ಥ ಅಲ್ವಾ?

ಈಗ ಸಿಸಿಲಿಗೆ ಹೋಗೋಣ. ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಮಿಲಾನ್‌ಗೆ ಹೋದವನು ಒಂದು ವಾರ ರಜೆ ಸೇರಿಸಿಕೊಂಡು ಅಲ್ಲಿಗೆ ಹಾರಿದೆ. ಮೊದಲ ಊರು ರಾಜಧಾನಿ ಪಲೆರ್ಮೊ. ಅಲ್ಲಿನ ಅರಮನೆಯಲ್ಲಿ ದೊರೆ 2ನೇ ರೋಜರ್ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದ. ಕೆಲಸ ಶುರುವಾದದ್ದು 1132ರಲ್ಲಿ, ಆಶುವಿನ ಬಿಡುಗಡೆ ಪತ್ರದ ವರ್ಷವೇ. ಗೋಡೆ ತುಂಬ ಬೈಜಾಂಟೈನ್ ಶೈಲಿಯ ಚಿನ್ನದ ಮೊಸಾಯಿಕ್, ಮೇಲೆ ನೋಡಿದರೆ ಅರಬ್ಬಿ ಕುಸುರಿಯ ಮರದ ಮುಚ್ಚಿಗೆ. ಇದೇ ರೋಜರನ ಆಸ್ಥಾನದಲ್ಲಿ ಕೂತು ಅಲ್ ಇದ್ರೀಸಿ ಎಂಬ ಮುಸ್ಲಿಂ ಭೂಗೋಳಕಾರ 1154ರಲ್ಲಿ ಜಗತ್ತಿನ ನಕ್ಷೆ, ಗ್ರಂಥ ಮುಗಿಸಿದ. ಅದರಲ್ಲಿ ಮಲಬಾರ್ ತೀರದ ಪಟ್ಟಣಗಳೂ ಇವೆ.

ಪಲೆರ್ಮೊದ ಜೀಸಾ ಅರಮನೆಯಲ್ಲಿ ಒಂದು ಗೋರಿಕಲ್ಲು ಉಂಟು. ರೋಜರನ ಆಸ್ಥಾನದ ಪಾದ್ರಿಯೊಬ್ಬ ತನ್ನ ತಾಯಿ ಅನ್ನಾಳ ನೆನಪಿಗೆ 1149ರಲ್ಲಿ ಕೆತ್ತಿಸಿದ್ದು. ಲ್ಯಾಟಿನ್, ಗ್ರೀಕ್, ಅರಬ್ಬಿ, ಜೊತೆಗೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ನಮ್ಮ ಬೆನ್ ಯಿಜು ಪತ್ರ ಬರೆಯುತ್ತಿದ್ದದ್ದೂ ಈ ಕೊನೆಯ ರೀತಿಯಲ್ಲೇ.

ಇಷ್ಟು ಕೇಳಿದರೆ ರೋಜರ್ ಬಹಳ ಒಳ್ಳೆಯ ದೊರೆ ಅನಿಸುತ್ತದೆ. ಆದರೆ ಇದೇ ರೋಜರನ ನೌಕಾಪಡೆ 1148ರಲ್ಲಿ ಮಹ್ದಿಯಾವನ್ನು ವಶಪಡಿಸಿಕೊಂಡಿತು. ಬೆನ್ ಯಿಜುವಿನ ಕುಟುಂಬ ದಿಕ್ಕಾಪಾಲಾಯಿತು. ಮರುವರ್ಷ, ಅಂದರೆ ಅನ್ನಾಳ ಗೋರಿಕಲ್ಲಿನ ವರ್ಷವೇ, ಅವನು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಬಂದ. ಸೆಪ್ಟೆಂಬರಿನಲ್ಲಿ ಒಡಹುಟ್ಟಿದವರಿಗೆ ಪತ್ರ ಬರೆದ: ಯಾರು ಉಳಿದಿದ್ದೀರಿ, ಯಾರಿಲ್ಲ ಗೊತ್ತಿಲ್ಲ, ನನ್ನ ಹತ್ತಿರ ಎಲ್ಲರೂ ಬದುಕುವಷ್ಟು ಹಣ ಇದೆ, ಬನ್ನಿ ಎಂಬುದು ಅದರ ಸಾರ. ಗಲ್ಫ್‌ನಲ್ಲಿ ದುಡಿಯುವ ಅಣ್ಣಂದಿರು ಇರುವ ಯಾವ ಮನೆಗೂ ಈ ಧಾಟಿ ಹೊಸತಲ್ಲ. ಮುಂದಿನದೂ ಹೊಸತಲ್ಲ: ಒಬ್ಬ ಒಡಹುಟ್ಟಿದವನು ಬಂದು ಸಾವಿರ ದಿನಾರ್‌ನಷ್ಟು ಹಣ ನುಂಗಿ ಹಾಕಿದ! ಬೆನ್ ಯಿಜುವಿನ ಮಗನೂ ಯೆಮೆನ್‌ನಲ್ಲಿ ತೀರಿಕೊಂಡ. ಉಳಿದವಳು ಮಗಳು, ಸಿತ್ ಅಲ್ ದಾರ್.

ಇನ್ನೊಬ್ಬ ಸಹೋದರ ಯೂಸುಫ್ ಸಿಸಿಲಿಯ ನೈಋತ್ಯ ಮೂಲೆಯ ಮಜಾರಾದಲ್ಲಿ ಬಡತನದಲ್ಲಿದ್ದ. ಅವನ ಹಿರಿಯ ಮಗ ಸುರೂರ್‌ಗೆ ಮಗಳನ್ನು ಕೊಡುವುದೆಂದು ಬೆನ್ ಯಿಜು ನಿಶ್ಚಯಿಸಿದ. ಹುಡುಗ ಮಜಾರಾದಿಂದ ದ್ವೀಪದ ಇನ್ನೊಂದು ತುದಿಯ ಮೆಸ್ಸಿನಾಕ್ಕೆ ಹೋಗಿ, ಅಲ್ಲಿಂದ ಅಪ್ಪನಿಗೊಂದು ಪತ್ರ ಬರೆದು, ಈಜಿಪ್ಟಿನ ಹಡಗು ಹತ್ತಿದ. 1156ರಲ್ಲಿ ಹಳೆ ಕೈರೋದಲ್ಲಿ ಮದುವೆ ನಡೆಯಿತು.

ನಾನೂ ಮೆಸ್ಸಿನಾಕ್ಕೆ ಹೋದೆ. ಪಲೆರ್ಮೊದಿಂದ ರೈಲು, ಕಡಲಂಚಿನಲ್ಲೇ ದಾರಿ. ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್‌ನ ಹಡಗು 1184ರ ಡಿಸೆಂಬರಿನಲ್ಲಿ ಒಡೆದದ್ದು ಇಲ್ಲೇ. ದಡ ಸೇರಿಸಲು ದೋಣಿಯವರು ಕೇಳಿದ ಹಣ ಬಡ ಮುಸ್ಲಿಮರ ಹತ್ತಿರ ಇರಲಿಲ್ಲ. ಅದನ್ನು ಕ್ರೈಸ್ತ ದೊರೆ 2ನೇ ವಿಲಿಯಂ ಕೊಟ್ಟ ಅಂತ ಅವನು ಬರೆದಿದ್ದಾನೆ. ಸುರೂರ್ ನೋಡಿದ ಮೆಸ್ಸಿನಾ ಮಾತ್ರ ನಮಗೆ ಸಿಗುವುದಿಲ್ಲ. 1908ರ ಡಿಸೆಂಬರ್ 28ರ ಭೂಕಂಪದಲ್ಲಿ ಊರು ಬಹುತೇಕ ನೆಲಸಮವಾಯಿತು.

ಮಜಾರಾದಲ್ಲಿ ನನಗೆ ನಮ್ಮ ದಕ್ಕೆಯೇ ಕಂಡಿತು. ಬಲೆ, ಮಂಜುಗಡ್ಡೆ, ಬೋಟು, ಅದೇ ವಾಸನೆ. ಕಸ್ಬಾ ಎಂದು ಕರೆಯುವ ಹಳೆ ಓಣಿಗಳಲ್ಲಿ ಟುನೀಶಿಯಾದಿಂದ ಬಂದ ಮೀನುಗಾರ ಕುಟುಂಬಗಳಿವೆ. ಆದರೆ ಯೂಸುಫ್‌ನ ಜನ ಉಳಿಯಲಿಲ್ಲ. 1492ರ ಸ್ಪೇನ್ ರಾಜಾಜ್ಞೆ ಸಿಸಿಲಿಗೂ ಅನ್ವಯಿಸಿ, ಮರುವರ್ಷದೊಳಗೆ ದ್ವೀಪದ ಯಹೂದಿಗಳೆಲ್ಲ ಮತ ಬದಲಿಸಬೇಕಾಯಿತು, ಇಲ್ಲವೇ ಊರು ಬಿಡಬೇಕಾಯಿತು. ನಾಲ್ಕು ಬಗೆಯಲ್ಲಿ ಗೋರಿಕಲ್ಲು ಬರೆಸಿದ್ದ ಊರಿನಲ್ಲೇ ಹೀಗಾಯಿತು. ‘ಸೌಹಾರ್ದ’ ಒಮ್ಮೆ ಇತ್ತು ಅಂದರೆ ಅದು ತನ್ನಷ್ಟಕ್ಕೆ ಮುಂದುವರಿಯುತ್ತದೆ ಅಂತ ಖಾತ್ರಿ ಏನೂ ಇಲ್ಲ.

ನಮ್ಮಲ್ಲಿ ಈಗ ಯಾರು ಮೂಲದವರು, ಯಾರು ಹೊರಗಿನವರು, ಯಾರು ಯಾರ ಜೊತೆ ಕಾಫಿ ಕುಡಿಯಬಹುದು ಎಂಬ ಲೆಕ್ಕ ಜೋರಾಗಿ ನಡೆಯುತ್ತಿದೆ. ಆ ಲೆಕ್ಕದಲ್ಲಿ ಸಿತ್ ಅಲ್ ದಾರ್ ಎಲ್ಲಿಗೆ ಸೇರುತ್ತಾಳೆ? ತಾಯಿ ಈ ಕರಾವಳಿಯವಳು, ತಂದೆ ಆಫ್ರಿಕಾದ ಯಹೂದಿ, ಗಂಡನ ಮನೆ ಸಿಸಿಲಿ, ಮದುವೆ ಈಜಿಪ್ಟಿನಲ್ಲಿ.

ಮತ್ತು ಆಶು? ಉಳಿದಿರುವ ಪತ್ರಗಳಲ್ಲಿ ಬೆನ್ ಯಿಜು ಬಟ್ಟೆಯ ಲೆಕ್ಕ ಬರೆದಿದ್ದಾನೆ, ಮೆಣಸಿನ ಲೆಕ್ಕ ಬರೆದಿದ್ದಾನೆ, ಮಕ್ಕಳ ಬಗ್ಗೆ ಬರೆದಿದ್ದಾನೆ. ಅವಳ ಬಗ್ಗೆ ಒಂದು ಮಾತಿಲ್ಲ. ಏಡನ್‌ಗೆ ಹೊರಟ ಹಡಗಿನಲ್ಲಿ ಅವಳಿದ್ದಳೋ, ದಡದಲ್ಲೇ ನಿಂತಿದ್ದಳೋ, ಅದನ್ನು ಬರೆದಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಸಿಸಿಲಿಗೆ ಹೋಗುವ ಪ್ಲ್ಯಾನ್ ಇದ್ದರೆ ಎಟ್ನಾ ನೋಡಿ, ಪಲೆರ್ಮೊ ನೋಡಿ, ಒಂದು ದಿನ ಮಜಾರಾಕ್ಕೂ ಇಡಿ. ಅದಕ್ಕೂ ಮೊದಲು ಒಂದು ಭಾನುವಾರ ಬೆಳಿಗ್ಗೆ ಬೇಗ ಎದ್ದು ಬಂದರಿನ ರಸ್ತೆಯಲ್ಲಿ ನಡೆದು ಬನ್ನಿ. ವೀಸಾ ಬೇಡ.