ಸಿದ್ಧರಾಮೇಶ್ವರರೂ ಲಿಂಗಮೂರ್ತಿಯ ಅರ್ಥವೂ

ಸ್ಥಾವರವನ್ನು ಒಲ್ಲೆವೆನ್ನುವ ಲಿಂಗವಂತರು ಅಂಗೈಯಲ್ಲಿ ಹಿಡಿದು ಪೂಜಿಸುವುದೂ ಒಂದು ಮೂರ್ತಿಯೇ ಅಲ್ಲವೇ ಎಂದು ಅನ್ಯರು ಕೇಳುವುದುಂಟು. ಪ್ರಶ್ನೆಯು ಹಗುರವಾದುದಲ್ಲ. ಶಾಸ್ತ್ರವಾಕ್ಯಗಳಿಂದ ವಾದಿಸುವುದಕ್ಕಿಂತ, 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿದ್ದ ಸಿದ್ಧರಾಮೇಶ್ವರರ ಚರಿತ್ರೆಯನ್ನು ಪರಿಶೀಲಿಸುವುದು ಲೇಸು. ಮೂರ್ತಿಯನ್ನು ಒಪ್ಪದೆ ಹೋದವರೂ ಅವರೇ, ಸ್ಥಾಪಿಸಿದವರೂ ಅವರೇ.

ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳುವುದೇನೆಂದರೆ: ಕರುಗಳನ್ನು ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮವೇಷದಿಂದ ಬಂದು ಉಣಿಸನ್ನು ಬೇಡಿದನು. ಬಾಲಕನು ಮನೆಯಿಂದ ತರುವಷ್ಟರಲ್ಲಿ ಅವನು ಕಾಣದಾದನು. ಅಳುತ್ತ ಹುಡುಕುತ್ತಿದ್ದ ಮಗುವನ್ನು ಯಾತ್ರಿಕರು ಶ್ರೀಶೈಲಕ್ಕೆ ಕರೆದೊಯ್ದು, ಗುಡಿಯೊಳಗಿನ ಲಿಂಗವನ್ನು ತೋರಿಸಿ, ಇವನೇ ನಿನ್ನ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ ಮಲ್ಲಯ್ಯನನ್ನೇ ಅರಸುತ್ತ ಬೆಟ್ಟದಲ್ಲಿ ಅಲೆದು, ಕಡೆಗೆ ಕಮರಿಗೆ ಹಾರಲು, ಶಿವನು ಕೈಹಿಡಿದು ಉಳುಹಿದನು.

ಇದೇ ಬಾಲಕನು ಸೊನ್ನಲಿಗೆಗೆ ಮರಳಿ ಲಿಂಗಗಳನ್ನು ಸ್ಥಾಪಿಸಿ, ಕೆರೆಯನ್ನು ಕಟ್ಟಿಸಿ, ಆ ಊರನ್ನು ಅಭಿನವ ಶ್ರೀಶೈಲವಾಗಿ ಮಾಡಿದನೆಂಬುದು ವಿಚಾರಣೀಯವಾದುದು. ಶಿವನನ್ನು ಕಾಣುವುದಕ್ಕೆ ಮುನ್ನ ಶಿಲೆಯು ಆತನಿಗೆ ಶಿಲೆಯೇ ಆಗಿದ್ದಿತು; ಕಂಡ ಬಳಿಕ ಅದು ಕುರುಹಾಯಿತು, ಜನರು ಕೂಡುವುದಕ್ಕೆ ನೆಲೆಯಾಯಿತು. ಗುಡಿಯ ಜೊತೆಗೆ ಕೆರೆಯೂ ಆದುದನ್ನು ಮರೆಯಲಾಗದು. ಗುಡಿಯೊಂದನ್ನೇ ಕಟ್ಟಿಸಿ ತೃಪ್ತರಾಗುವ ಧರ್ಮಾತ್ಮರು ನಮ್ಮಲ್ಲಿ ಅನೇಕರಿರುವರು.

ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಈ ಕೆರೆಗುಡಿಗಳ ಕಾಯಕವನ್ನೇ ಪರೀಕ್ಷೆಗೆ ಒಡ್ಡಿ, ಸಿದ್ಧರಾಮೇಶ್ವರರನ್ನು ಕಲ್ಯಾಣಕ್ಕೆ ಕರೆತಂದ ಪ್ರಸಂಗವು ‘ಶೂನ್ಯಸಂಪಾದನೆ’ಯಲ್ಲಿದೆ. ಅಲ್ಲಿ ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗದೀಕ್ಷೆಯಾಯಿತೆಂದು ನಾವು ಕೇಳುತ್ತ ಬಂದಿರುವೆವು. ಆದರೆ ಈ ದೀಕ್ಷೆಯ ಮಾತು ರಾಘವಾಂಕನಲ್ಲಿಲ್ಲ. 15ನೆಯ ಶತಮಾನದ ಶಿವಗಣಪ್ರಸಾದಿ ಮಹದೇವಯ್ಯನವರ ಮೊದಲ ಸಂಪಾದನೆಯಲ್ಲಿಯೂ ಇಲ್ಲ. ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಅನಂತರ ಅದನ್ನು ಸೇರಿಸಿದರು. ಇದನ್ನು ಭಕ್ತರಿಂದ ಮರೆಮಾಡುವುದು ಪಂಡಿತಧರ್ಮವಲ್ಲ. ಇದರಿಂದ ದೀಕ್ಷೆಯು ನಡೆಯಲೇ ಇಲ್ಲವೆಂದು ಸಾಧಿಸಹೊರಡುವುದೂ ಆತುರವೇ ಸರಿ. ಅಂತರಂಗದಲ್ಲಿ ಶಿವನನ್ನು ಕಂಡವರಿಗೂ ಬಹಿರಂಗದ ಕುರುಹು ಬೇಕೇ ಎಂಬ ಪ್ರಶ್ನೆಯು ನಮ್ಮ ಹಿರಿಯರನ್ನೂ ಕಾಡಿದ್ದಿತು. ಬೇಕೆಂಬುದೇ ಪರಂಪರೆಯು ಕಡೆಗೆ ಕೊಟ್ಟ ಉತ್ತರ.

ಆ ಕುರುಹು ಎಂತಹುದು? ಇಷ್ಟಲಿಂಗಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ, ಆಯುಧವಿಲ್ಲ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಅವನಲ್ಲಿಯೇ ಇರುವ ಚಿತ್ಕಳೆಯನ್ನು ಲಿಂಗದಲ್ಲಿ ನೆಲೆಗೊಳಿಸಿ ಕರಸ್ಥಲಕ್ಕೆ ಕೊಡುವನು. ಮಣ್ಣಿನ ಮೂರ್ತಿಗೆ ದೇವರನ್ನು ಆವಾಹನೆ ಮಾಡಿ, ಪೂಜೆ ಮುಗಿದ ಮೇಲೆ ವಿಸರ್ಜಿಸುವರು. ಇಷ್ಟಲಿಂಗಕ್ಕೆ ಇವೆರಡೂ ಇಲ್ಲ. ಹೊರಗಿನಿಂದ ಬಂದವನಾದರೆ ತಾನೇ ಕಳುಹಿಸಬೇಕಾದುದು? ನಡುವೆ ಪೂಜಾರಿಯೂ ಬೇಕಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದವನು ನೋಡುವುದು ತನ್ನ ಚಿತ್ಕಳೆಯನ್ನೇ.

ಸೊನ್ನಲಿಗೆಯು ಈಗಿನ ಸೊಲ್ಲಾಪುರ. ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಕೋಲುಗಳು, ಸಿದ್ಧರಾಮೇಶ್ವರರು ಸ್ಥಾಪಿಸಿದರೆಂದು ಹೇಳುವ 68 ಲಿಂಗಗಳನ್ನು ಇಂದಿಗೂ ಸುತ್ತಿ ಬರುವುವು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಭಕ್ತರೂ ಆ ಪ್ರದಕ್ಷಿಣೆಯಲ್ಲಿ ನಡೆಯುವರು.