ದಿವಾಳಿಯೆದ್ದವನ ಮನೆಗೆ ಬೆಲೆ ಕಟ್ಟುವುದು

ಸಾಲ ತೀರಿಸಲಾರದೆ ದಿವಾಳಿಯೆದ್ದವನ ಮನೆಗೆ ಬೆಲೆಯೆಷ್ಟು? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನ್ಯಾಯಾಲಯಗಳು ಇದರೊಡನೆ ತೊಂಬತ್ತು ವರ್ಷಗಳಿಂದ ಹೆಣಗುತ್ತಲಿವೆ.

ಕೆಂಟಕಿ ಸಂಸ್ಥಾನದಲ್ಲಿ ರಾಡ್‌ಫರ್ಡ್ ಎಂಬ ಒಕ್ಕಲಿಗನಿದ್ದನು. ಅವನು 1922 ಮತ್ತು 1924ರಲ್ಲಿ ತನ್ನ 170 ಎಕರೆ ಭೂಮಿಯನ್ನು ಆಧಾರ ಮಾಡಿ ಬ್ಯಾಂಕಿನಿಂದ 9,000 ಡಾಲರು ತಂದನು. ಧಾರಣೆ ಕುಸಿಯಿತು, ಕಂತು ನಿಂತಿತು. ಇಂಥವರಿಗಾಗಿ 1934ರಲ್ಲಿ ಫ್ರೇಜಿಯರ್-ಲೆಮ್ಕಿ ಶಾಸನವು ಬಂದಿತು. ಭೂಮಿಗೆ ಅಂದಾಜುಗಾರರು ಕಟ್ಟಿದ ಬೆಲೆಯನ್ನಷ್ಟೇ ತೆತ್ತು ಋಣಿಯು ಅದನ್ನು ಬಿಡಿಸಿಕೊಳ್ಳಬಹುದೆಂದು ಅದರ ತಾತ್ಪರ್ಯ. ರಾಡ್‌ಫರ್ಡನ ಭೂಮಿಗೆ ಅಂದಾಜುಗಾರರು 4,445 ಡಾಲರು ಕಟ್ಟಿದರು. ಬ್ಯಾಂಕಾದರೋ, ತಾನೇ 9,205 ಡಾಲರು ರೊಕ್ಕ ಕೊಟ್ಟು ಕೊಳ್ಳುವೆನೆಂದಿತು! ಒಂದೇ ನೆಲ, ಎರಡು ಬೆಲೆ.

1935ರ ಮೇ 27ರಂದು ಸುಪ್ರೀಮ್ ಕೋರ್ಟು ಆ ಶಾಸನವನ್ನು ಏಕಮತದಿಂದ ತಳ್ಳಿಹಾಕಿತು. ತೀರ್ಪನ್ನು ಬರೆದ ಬ್ರಾಂಡೈಸರು ಹಿಂದೆ ಬ್ಯಾಂಕುಗಳ ಲೋಭವನ್ನು ಖಂಡಿಸಿ ಗ್ರಂಥವನ್ನೇ ರಚಿಸಿದವರು. ಅವರ ಕರುಣೆ ಬತ್ತಿತೆಂದು ನಾನು ಎಣಿಸಲಾರೆ. ಬಡವನಿಗೆ ನೆರವಾಗಬೇಕಾದರೆ ರಾಜ್ಯವು ತನ್ನ ಬೊಕ್ಕಸದಿಂದ ಆಗಲಿ, ಇನ್ನೊಬ್ಬನ ಸ್ವತ್ತಿನಿಂದಲ್ಲವೆಂಬುದೇ ಅವರ ವಾದದ ತಿರುಳು. ತಿದ್ದಿದ ಶಾಸನವನ್ನು 1937ರಲ್ಲಿ ಸಿಂಧುವೆಂದು ಸಾರಿದವರೂ ಅವರೇ.

1978ರ ದಿವಾಳಿ ಸಂಹಿತೆಯು ಈ ತತ್ತ್ವವನ್ನು ವಿಸ್ತರಿಸಿತು: ಆಧಾರವಾದ ಸ್ವತ್ತಿನ ಬೆಲೆ ಎಷ್ಟೋ ಅಷ್ಟಕ್ಕೆ ಮಾತ್ರ ಸಾಲವು ಭದ್ರ. ಆದರೆ ವಾಸದ ಮನೆಯ ಮಾತು ಬೇರೆ. ಡಲ್ಲಾಸಿನ ಒಂದು ಮನೆಯ ಬೆಲೆ 23,500, ಸಾಲ 71,335 ಡಾಲರು. ಹೀಗಿದ್ದರೂ ಸಾಲವನ್ನು ಮನೆಯ ಬೆಲೆಗೆ ಇಳಿಸಲಾಗದೆಂದು 1993ರಲ್ಲಿ ತೀರ್ಪಾಯಿತು.

ಉಳಿದುದು ಎರಡನೆಯ ಆಧಾರದ ದಾರಿ. ಕಂತಿನಲ್ಲಿ ಸಾಲ ತೀರಿಸಲು ಒಪ್ಪಿದ ಋಣಿಯ ಮನೆಯ ಬೆಲೆಯು ಮೊದಲನೆಯ ಸಾಲಕ್ಕೇ ಸಾಲದಿದ್ದರೆ, ಎರಡನೆಯ ಸಾಲದ ಹಿಡಿತವನ್ನು ಪೂರ್ತಿಯಾಗಿ ಕಳಚಬಹುದೆಂದು ಅನೇಕ ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. (ಕಂತಿಲ್ಲದ ದಿವಾಳಿಯಲ್ಲಿ ಇದು ಸಲ್ಲದೆಂದು 2015ರಲ್ಲಿ ಸುಪ್ರೀಮ್ ಕೋರ್ಟು ವಿಧಿಸಿತು.) ಮೊದಲ ಸಾಲವು 1,00,000 ಡಾಲರೆಂದು ಇಟ್ಟುಕೊಳ್ಳೋಣ. ಮನೆಯು 99,000 ಬಾಳಿದರೆ ಎರಡನೆಯ ಹಿಡಿತ ಹೋಯಿತು. 1,00,001 ಬಾಳಿದರೆ ಇಡಿಯಾಗಿ ಉಳಿಯಿತು. ಆದಕಾರಣ ಋಣಿಯು ಕರೆತಂದ ಅಂದಾಜುಗಾರನು ಸೋರುವ ಸೂರನ್ನೂ ಬಿರಿದ ಗೋಡೆಯನ್ನೂ ಒಂದೊಂದಾಗಿ ಎಣಿಸುತ್ತಾನೆ. ಎದುರು ಪಕ್ಷದವನು ನೆರೆಮನೆಯು ಮೊನ್ನೆ ಮಾರಿದ ಕ್ರಯಪತ್ರವನ್ನು ಮುಂದಿಡುತ್ತಾನೆ. ತನ್ನ ಮನೆಯನ್ನು ತಾನೇ ಹಳಿಯುತ್ತ ಗೃಹಸ್ಥನು ಸಾಕ್ಷಿಯ ಕಟ್ಟೆಯಲ್ಲಿ ನಿಂತಿರುತ್ತಾನೆ.