ಸಿಟ್ಟಿಂಗ್ ಬುಲ್‌ನ ಹರಿದ ಚಿತ್ರ

ಅಮೆರಿಕದ ಲಕೋಟಾ ವೀರರು ತಮ್ಮ ಸಾಹಸಗಳನ್ನು ಬೈಸನ್ ಎಂಬ ಕಾಡುಕೋಣದ ತೊಗಲಿನ ಮೇಲೆ ಚಿತ್ರಿಸಿಡುತ್ತಿದ್ದರು. 1880ರ ದಶಕದ ಹೊತ್ತಿಗೆ ಬೇಟೆಗಾರರ ಬಂದೂಕಿಗೆ ಆ ಹಿಂಡುಗಳೇ ಮುಗಿದುಹೋದವು. ಇನ್ನು ತೊಗಲೆಲ್ಲಿ? ಅವರ ನಾಯಕ ಸಿಟ್ಟಿಂಗ್ ಬುಲ್ 1882ರಲ್ಲಿ, ಸೆರೆಯಲ್ಲಿದ್ದಾಗ, ತನ್ನ ಕಾಳಗಗಳನ್ನು ಕಾಗದದ ಮೇಲೆ ಬರೆದ.

ಆತನ ಮುಖವನ್ನು ಕ್ಯಾನ್ವಾಸಿಗೆ ಇಳಿಸಿದಾಕೆ ಬ್ರೂಕ್ಲಿನ್‌ನಿಂದ ಬಂದ ಕ್ಯಾರೊಲಿನ್ ವೆಲ್ಡನ್. ಲಕೋಟಾಗಳ ಭೂಮಿ ಉಳಿಸಲು ಓಡಾಡಿದ ಬಿಳಿಯ ಹೆಂಗಸು, ಆ ಕಾಲಕ್ಕೆ ಸಣ್ಣ ಮಾತಲ್ಲ! 1890ರ ಡಿಸೆಂಬರ್ 15ರಂದು ಬಂಧಿಸಲು ಬಂದ ಪೊಲೀಸರ ಗುಂಡಿಗೆ ಸಿಟ್ಟಿಂಗ್ ಬುಲ್ ಬಲಿಯಾದ. ನೆನಪಿಡಿ, ಆ ಪೊಲೀಸರೂ ಅವನದೇ ಜನಾಂಗದವರು. ಘರ್ಷಣೆಯಲ್ಲಿ ಅಣ್ಣತಮ್ಮನನ್ನು ಕಳೆದುಕೊಂಡ ಪೊಲೀಸನೊಬ್ಬ ಮನೆಯೊಳಗೆ ನುಗ್ಗಿ ಗೋಡೆಯ ಮೇಲಿದ್ದ ಚಿತ್ರವನ್ನು ಹರಿದ. ಸ್ಟೀಲ್ ಎಂಬ ಸೇನಾಧಿಕಾರಿ ತಡೆದದ್ದರಿಂದ ಅದು ಉಳಿಯಿತು. ಈಗ ನಾರ್ತ್ ಡಕೋಟಾ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿದೆ.